ಒದ್ದೆ ಪೊಟ್ಟಣವನ್ನು ಏಕೆ ಬಳಸಬಾರದು: ಮಳೆಗಾಲದ ಪಶು ಶಸ್ತ್ರಚಿಕಿತ್ಸೆ

[ದೃಶ್ಯ: ಜಡಿಮಳೆ. ಹೆಂಚಿನ ಸೂರಿನಿಂದ ನೀರು ಸುರಿಯುತ್ತಿರುವ ಕೊಟ್ಟಿಗೆ. ಒಳಗೆ ಕರು ಹಾಕಲಾಗದೆ ನಿಂತಿರುವ ಹಸು.]

ಆಷಾಢದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಒಗೆದ ಬಟ್ಟೆಯನ್ನು ಬಚ್ಚಲೊಲೆಯ ಶಾಖಕ್ಕೆ ಹರವಿ ಒಣಗಿಸುವುದು ವಾಡಿಕೆ. ಅಂಗಿ ಅರೆಬರೆ ಒಣಗಿದ್ದರೂ ತೊಟ್ಟುಕೊಂಡು ಹೋಗಬಹುದು. ಆದರೆ ಹಸುವಿನ ಹೊಟ್ಟೆ ಕೊಯ್ದು ಕರು ತೆಗೆಯುವಾಗ ಬಳಸುವ ಬಟ್ಟೆ, ಕತ್ತರಿ, ಚಿಮಟಗಳ ಪೊಟ್ಟಣ ಅರೆಬರೆ ಒಣಗಿದ್ದರೆ ನಡೆಯುವುದಿಲ್ಲ.

ಈ ಉಪಕರಣಗಳನ್ನು ಎರಡು ಪದರ ಬಟ್ಟೆಯಲ್ಲಿ ಸುತ್ತಿ, ಆಟೋಕ್ಲೇವ್ ಎಂಬ ಒತ್ತಡದ ಉಗಿಪಾತ್ರೆಯೊಳಗೆ 121 ಡಿಗ್ರಿ ಸೆಲ್ಸಿಯಸ್ ಉಗಿಯಲ್ಲಿ ಸಾಮಾನ್ಯವಾಗಿ 30 ನಿಮಿಷ ಇಡುತ್ತಾರೆ. ಮಣ್ಣು, ಸಗಣಿಯಲ್ಲಿರುವ ಧನುರ್ವಾಯು ರೋಗಾಣುವಿನ ಬೀಜಾಣುಗಳು ಕುದಿಯುವ ನೀರಿನ 100 ಡಿಗ್ರಿಯನ್ನೂ ತಾಳಿಕೊಳ್ಳಬಲ್ಲವಾದ್ದರಿಂದ, ಪಾತ್ರೆಯಲ್ಲಿ ಕುದಿಸಿದ ಮಾತ್ರಕ್ಕೆ ಕತ್ತರಿ ಕ್ರಿಮಿರಹಿತವಾಗುವುದಿಲ್ಲ.

[ಸಮೀಪ ದೃಶ್ಯ: ಪೊಟ್ಟಣದ ತಳದಲ್ಲಿ ಎಂಟಾಣೆ ಅಗಲದ ಒದ್ದೆ ಕಲೆ.]

ಪೊಟ್ಟಣಕ್ಕೆ ಅಂಟಿಸಿದ ಟೇಪಿನ ಗೆರೆಗಳು ಕಪ್ಪಾಗಿವೆ; ಅದು ಶಾಖ ಕಂಡಿದೆ ಎಂಬುದಷ್ಟೇ ಇದರ ಅರ್ಥ. ತಳದ ಕಲೆಯನ್ನು ನೋಡಿ. ಬಿಸಿ ಪೊಟ್ಟಣವನ್ನು ತಣ್ಣನೆಯ ಕಲ್ಲಿನ ಮೇಲಿಟ್ಟಾಗ ಒಳಗಿನ ಉಗಿ ನೀರಾಗುತ್ತದೆ, ಮತ್ತು ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ನೆನೆದ ಬಟ್ಟೆಯು ಹೊರಗಿನ ರೋಗಾಣುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅದನ್ನು ಬಿಸಿಲಿಗಿಟ್ಟು ಒಣಗಿಸಿದರೆ ಸಾಲದು. ಬಿಚ್ಚಿ, ಒಣ ಬಟ್ಟೆಯಲ್ಲಿ ಸುತ್ತಿ, ಮತ್ತೆ ಮೊದಲಿನಿಂದ ಉಗಿಗಿಡಬೇಕು. ನಮ್ಮ ಮಳೆ ಊರುಗಳಿಗೆ, ನನ್ನ ಮಟ್ಟಿಗೆ, ಹೊಸದೊಂದು ಆ್ಯಂಟಿಬಯೋಟಿಕ್‌ಗಿಂತ ಬಿಗಿ ಮುಚ್ಚಳದ ಒಣ ಡಬ್ಬಿಯೇ ಹೆಚ್ಚು ಉಪಯುಕ್ತ.

[ದೃಶ್ಯ: ಹಸುವಿನ ಎಡ ಪಕ್ಕೆ. ಕೂದಲು ಕತ್ತರಿಸುತ್ತಿರುವ ಕೈ.]

ಕೊಟ್ಟಿಗೆಯಲ್ಲಿ ಹಸುವನ್ನು ನಿಲ್ಲಿಸಿಕೊಂಡೇ, ಹೆಚ್ಚಾಗಿ ಎಡ ಪಕ್ಕೆಯಲ್ಲಿ ಕೊಯ್ಯುತ್ತಾರೆ. ರೇಜರ್ ಚರ್ಮವನ್ನು ಗೀರುವುದರಿಂದ ಕೂದಲನ್ನು ಕ್ಲಿಪ್ಪರಿನಿಂದ ತೆಗೆಯುವುದು ಲೇಸು. ಸಗಣಿ, ಕೊಳೆ ಉಳಿದಿದ್ದರೆ ಚರ್ಮದ ರೋಗಾಣು ಕೊಲ್ಲಲು ಹಚ್ಚುವ ಪೊವಿಡೋನ್ ಅಯೋಡಿನ್ ಔಷಧ ತನ್ನ ಶಕ್ತಿಯನ್ನು ಅಲ್ಲಿಯೇ ಕಳೆದುಕೊಳ್ಳುತ್ತದೆ. ಹಾಗಾಗಿ ಹತ್ತಿ ಬೆಳ್ಳಗೇ ಉಳಿಯುವವರೆಗೂ ಸೋಪಿನಿಂದ ತೊಳೆದು, ಆಮೇಲೆ ಔಷಧವನ್ನು ಕೊಯ್ಯುವ ಜಾಗದಿಂದ ಹೊರಕ್ಕೆ ಹಚ್ಚುತ್ತಾ ಹೋಗಬೇಕು. ಅಂಚು ಮುಟ್ಟಿದ ಹತ್ತಿ ಮತ್ತೆ ನಡುವಿಗೆ ಬರಬಾರದು. ಸಗಣಿ ಮೆತ್ತಿದ ಬಾಲದ ಒಂದು ಬೀಸು ಇಷ್ಟೂ ಶ್ರಮವನ್ನು ನೀರುಪಾಲು ಮಾಡುತ್ತದಾದ್ದರಿಂದ ಬಾಲವನ್ನು ಆ ಹಸುವಿಗೇ ಕಟ್ಟಿರಬೇಕು, ಗೋಡೆಗಾಗಲಿ ಕಂಬಕ್ಕಾಗಲಿ ಅಲ್ಲ.

ಮನೆಯವರು ನೆಲಕ್ಕೆ ಒಣ ದರಗೆಲೆಯನ್ನು ಹಾಸುವುದಿದ್ದರೆ ವೈದ್ಯರು ಬರುವುದಕ್ಕೆ ಸಾಕಷ್ಟು ಮೊದಲೇ ಹಾಸಲಿ. ಹೊಟ್ಟೆ ತೆರೆದಿರುವಾಗ ಏಳುವ ಧೂಳು ನೇರವಾಗಿ ಗಾಯಕ್ಕೆ ಬೀಳುತ್ತದೆ. ದೀಪ ಹಿಡಿದವರು ಬಗ್ಗಿ ಇಣುಕದಿರಲಿ.

[ದೃಶ್ಯ: ಕೈಗವಸು ತೊಟ್ಟ ಕೈ, ಬಕೆಟ್‌ನಲ್ಲಿ ಸತ್ತೆ, ಅಂದರೆ ಕರುವಿನ ಹಿಂದೆ ಬರುವ ಮಾಸು.]

ಸೋಂಕು ಹಸುವಿನಿಂದ ನಮ್ಮ ಕಡೆಗೂ ಬರುತ್ತದೆ. ಬ್ರೂಸೆಲ್ಲಾ ರೋಗಾಣು ಸತ್ತೆ ಹಾಗೂ ಗರ್ಭದ ನೀರಿನ ಮೂಲಕ ಮನುಷ್ಯರಿಗೆ ತಗುಲಬಲ್ಲದು. ಆದ್ದರಿಂದ ಸತ್ತೆಯನ್ನು ಬರಿಗೈಯಲ್ಲಿ ಮುಟ್ಟದೆ, ನಾಯಿ ಎಳೆಯದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಬಾವಿ, ಹಳ್ಳಗಳಿಂದ ಆ ಗುಂಡಿ ದೂರವಿರಲಿ.