ವಿಳಾಸದ ಕೊನೆ ಎಲ್ಲಿದೆ?

ನಮಸ್ಕಾರ, ಕೇಳುಗರೇ.

ಬೆಂಗಳೂರು ನಗರದ ಪಿನ್‌ಕೋಡ್ ಅಂದರೆ 560, ಅದಾದ ಮೇಲೆ ಇನ್ನು ಮೂರು ಅಂಕಿ. ನಮಗೆ ಇದು ಬಾಯಿಪಾಠ. ಕಂಪ್ಯೂಟರಿಗೆ ಇದನ್ನು ಗುರುತುಗಳಲ್ಲಿ ಬರೆದು ಕೊಡಬೇಕು. ಮೊದಲು 560, ಆಮೇಲೆ ಯಾವುದಾದರೂ ಅಂಕಿ, ಅದು ಮೂರು ಸಲ. ಹೀಗೆ ಬರೆದ ಸಾಲಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಅನ್ನುತ್ತಾರೆ. ಕೋಡ್ ಬರೆಯುವವರ ಬಾಯಲ್ಲಿ ಅದು ರೆಜೆಕ್ಸ್. ಸಾವಿರಾರು ವಿಳಾಸಗಳ ಪಟ್ಟಿ ಕೊಟ್ಟರೂ ಅದು ಪಿನ್‌ಕೋಡ್‌ಗಳನ್ನು ಕ್ಷಣದಲ್ಲಿ ಹೆಕ್ಕಿ ಕೊಡುತ್ತದೆ.

ಇದರ ಗಣಿತಕ್ಕೆ 1950ರ ದಶಕದಲ್ಲಿ ಬುನಾದಿ ಹಾಕಿದವರು ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿ. ಅದನ್ನು ಪಠ್ಯ ಹುಡುಕುವ ಪ್ರೋಗ್ರಾಂ ಮಾಡುವ ದಾರಿಯನ್ನು 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ತೋರಿಸಿದರು. ಇವತ್ತು ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ರೆಜೆಕ್ಸ್ ಮುಟ್ಟದ ಪ್ರೋಗ್ರಾಮರ್ ಸಿಗುವುದು ಕಷ್ಟ.

ಈಗ ಆ ಪಿನ್‌ಕೋಡ್ ಸಾಲನ್ನೇ ಇನ್ನೊಮ್ಮೆ ನೋಡಿ. ಒಂದು ಫೋನ್ ನಂಬರಿನ ನಡುವೆ 560 ಬಂದು, ಆಮೇಲೆ ಮೂರು ಅಂಕಿ ಇದ್ದರೆ? ಅದೂ ಪಿನ್‌ಕೋಡ್ ಅಂತ ಪಾಸಾಗುತ್ತದೆ. ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಅಂತ ನಾವು ಹೇಳಲೇ ಇಲ್ಲವಲ್ಲ. ಅದಕ್ಕೇ, ಫಾರ್ಮಿನ ಒಂದು ಖಾನೆಯಲ್ಲಿ ಪಿನ್‌ಕೋಡ್ ಮಾತ್ರ ಇರಬೇಕಾದಾಗ, ಶುರುವಿಗೆ ಟೋಪಿಯಂಥ ಕ್ಯಾರೆಟ್ ಗುರುತು, ಕೊನೆಗೆ ಡಾಲರ್ ಗುರುತು ಹಾಕಬೇಕು. ಆಗ ಆ ಆರು ಅಂಕಿ ಬಿಟ್ಟು ಹಿಂದೆ ಮುಂದೆ ಏನೂ ಇರುವಂತಿಲ್ಲ.

ಪಿನ್‌ಕೋಡ್ ತಪ್ಪಾದರೆ ಪಾರ್ಸೆಲ್ ತಡವಾಗಬಹುದು, ಅಷ್ಟೇ. ವೆಬ್ ವಿಳಾಸದಲ್ಲಿ ಇದೇ ತಪ್ಪಾದರೆ ಜನರ ದುಡ್ಡು ಹೋಗುತ್ತದೆ.

ನಮ್ಮ ದೇಶದ ಬ್ಯಾಂಕುಗಳು ತಮ್ಮ ವೆಬ್ ವಿಳಾಸವನ್ನು ಬ್ಯಾಂಕ್ ಡಾಟ್ ಇನ್‌ಗೆ ಬದಲಿಸಬೇಕು ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಿತು. ಅಕ್ಟೋಬರ್ 31ರ ಗಡುವನ್ನೂ ಕೊಟ್ಟಿತು. ಬ್ಯಾಂಕುಗಳಿಗೆ ಮಾತ್ರ ಸಿಗುವ ಹೆಸರು ಅದು. ಬಹಳ ಒಳ್ಳೆಯ ಹೆಜ್ಜೆ. ಆದರೆ ಒಂದು ಆ್ಯಪ್ ಮೆಸೇಜಿನ ಲಿಂಕನ್ನು ಪರೀಕ್ಷಿಸುವಾಗ 'ಇದರಲ್ಲಿ ಬ್ಯಾಂಕ್ ಡಾಟ್ ಇನ್ ಇದೆಯಾ' ಅಂತ ಮಾತ್ರ ಕೇಳಿದರೆ ಏನಾಗುತ್ತದೆ?

'ಬ್ಯಾಂಕ್ ಡಾಟ್ ಇನ್ ಡಾಟ್ ಇನ್ನಾರೋ ಡಾಟ್ ಕಾಮ್' ಅನ್ನುವ ವಿಳಾಸ ಪಾಸ್. ಅದರ ಯಜಮಾನ ಬ್ಯಾಂಕ್ ಅಲ್ಲ, ಇನ್ನಾರೋ ಡಾಟ್ ಕಾಮ್. 'ಇನ್ನಾರೋ ಡಾಟ್ ಕಾಮ್ ಸ್ಲ್ಯಾಶ್ ಬ್ಯಾಂಕ್ ಡಾಟ್ ಇನ್' ಕೂಡ ಪಾಸ್. ಸ್ಲ್ಯಾಶ್ ಆದಮೇಲೆ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ನಡುವೆ ಆ್ಯಟ್ ಗುರುತು ಬಂದರೆ ಇನ್ನೂ ಅಪಾಯ. ಅದಕ್ಕೂ ಮೊದಲಿನದನ್ನು ಬ್ರೌಸರ್ ಬರೀ ಯೂಸರ್ ಹೆಸರು ಅಂತ ತಿಳಿಯುತ್ತದೆ, ಹೋಗುವುದು ಆಮೇಲೆ ಬರುವ ಹೆಸರಿಗೆ.

ಹಾಗಾದರೆ ಹೆಸರಿನ ಕೊನೆಯನ್ನು ನೋಡೋಣ, ಅದು ಬ್ಯಾಂಕ್ ಡಾಟ್ ಇನ್ ಆಗಿದ್ದರೆ ಸಾಕು ಅನ್ನಿಸುತ್ತದೆ ಅಲ್ವಾ? ಸಾಲದು. 'ಮೋಸಬ್ಯಾಂಕ್ ಡಾಟ್ ಇನ್' ಅನ್ನುವ ಹೆಸರೂ ಹಾಗೇ ಮುಗಿಯುತ್ತದೆ. ಬ್ಯಾಂಕ್ ಅನ್ನುವುದಕ್ಕೂ ಮೊದಲು ಒಂದು ಚುಕ್ಕೆ ಇರಲೇಬೇಕು. ರೆಜೆಕ್ಸ್‌ನಲ್ಲಿ ಸುಮ್ನೆ ಚುಕ್ಕೆ ಹಾಕಿದರೂ ಆಗುವುದಿಲ್ಲ. ಅಲ್ಲಿ ಚುಕ್ಕೆ ಅಂದರೆ 'ಯಾವುದಾದರೂ ಒಂದು ಅಕ್ಷರ'. ಮೋಸಬ್ಯಾಂಕಿನಲ್ಲಿ ಬ್ಯಾಂಕ್ ಅನ್ನುವುದಕ್ಕೂ ಮೊದಲಿರುವ ಅಕ್ಷರವೇ ಆ ಚುಕ್ಕೆಯ ಜಾಗ ತುಂಬಿಬಿಡುತ್ತದೆ! ಚುಕ್ಕೆಯನ್ನು ಚುಕ್ಕೆ ಅಂತಲೇ ಓದಬೇಕಾದರೆ ಅದಕ್ಕೂ ಮುಂಚೆ ಬ್ಯಾಕ್‌ಸ್ಲ್ಯಾಶ್ ಹಾಕಬೇಕು.

ನನ್ನ ಮಾತು ಕೇಳಿದರೆ ಇಲ್ಲಿ ರೆಜೆಕ್ಸ್ ಬೇಡವೇ ಬೇಡ. ಕೋಡ್ ಬರೆಯುವ ಭಾಷೆಗಳಾದ ಜಾವಾಸ್ಕ್ರಿಪ್ಟ್, ಪೈಥಾನ್ ಎರಡರಲ್ಲೂ ವಿಳಾಸವನ್ನು ಬಿಡಿಸಿ ಕೊಡುವ ಸಲಕರಣೆ ಸಿದ್ಧ ಇದೆ. ಅದರಿಂದ ಹೋಸ್ಟ್ ಹೆಸರನ್ನು, ಅಂದರೆ ಸೈಟಿನ ಹೆಸರಿರುವ ಭಾಗವನ್ನು ಮಾತ್ರ ತೆಗೆದುಕೊಳ್ಳಿ. ಅದು 'ಡಾಟ್ ಬ್ಯಾಂಕ್ ಡಾಟ್ ಇನ್' ಅಂತ, ಆ ಮೊದಲ ಚುಕ್ಕೆ ಸಮೇತ ಮುಗಿಯುತ್ತದಾ ನೋಡಿ. ಇದು ಒಂದೇ ಸಾಲಿನ ಕೆಲಸ.

ಕೋಡ್ ಬರೆಯದವರೂ ಇದನ್ನು ಕಣ್ಣಲ್ಲೇ ಮಾಡಬಹುದು. ಎಚ್‌ಟಿಟಿಪಿಎಸ್ ಮತ್ತು ಎರಡು ಸ್ಲ್ಯಾಶ್ ಬಿಡಿ. ಮುಂದಿನ ಸ್ಲ್ಯಾಶ್, ಪ್ರಶ್ನೆ ಗುರುತು ಅಥವಾ ಹ್ಯಾಶ್ ಗುರುತು ಬರುವ ತನಕ ಇರುವುದನ್ನು ಮಾತ್ರ ನೋಡಿ, ಅದನ್ನು ಬಲಗಡೆಯಿಂದ ಓದಿ, ಕೊನೆಯಲ್ಲಿ 'ಡಾಟ್ ಬ್ಯಾಂಕ್ ಡಾಟ್ ಇನ್' ಇರಬೇಕು. ನಡುವೆ ಆ್ಯಟ್ ಗುರುತು ಕಂಡರೆ ಆ ಲಿಂಕ್ ಒತ್ತಲೇಬೇಡಿ. ಈಗಾಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ರೆಜೆಕ್ಸ್ ಬರೆಯುವವರು ವೇಗದ ಕಡೆಗೂ ಗಮನ ಕೊಡಬೇಕು. 2019ರ ಜುಲೈ 2ರಂದು, ಬೇರೆಯವರ ವೆಬ್‌ಸೈಟುಗಳನ್ನು ಕಾಯುವ ಕ್ಲೌಡ್‌ಫ್ಲೇರ್ ಕಂಪನಿ ಒಂದು ಹೊಸ ರೆಜೆಕ್ಸ್ ಸೇರಿಸಿತು. 'ಏನಾದರೂ ಎಷ್ಟಾದರೂ ಇರಲಿ' ಅನ್ನುವ ಭಾಗ ಅದರಲ್ಲಿ ಒಂದರ ಹಿಂದೊಂದು ಬಂದಿತ್ತು. ಪಠ್ಯವನ್ನು ಯಾವ ಭಾಗಕ್ಕೆ ಎಷ್ಟು ಹಂಚಬೇಕು ಅಂತ ಮತ್ತೆ ಮತ್ತೆ ಹಿಂದೆ ಹೋಗಿ ನೋಡುವುದರಲ್ಲೇ ಅವರ ಕಂಪ್ಯೂಟರುಗಳು ಸುಸ್ತಾದವು. ಪ್ರಪಂಚದಾದ್ಯಂತ ಅಸಂಖ್ಯ ಸೈಟುಗಳು 27 ನಿಮಿಷ ತೆರೆಯಲೇ ಇಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ತರುವುದು ಕನ್ನಡದ ಪಾಡು. ಪೈಥಾನ್‌ನಲ್ಲಿ 'ಪದದ ಅಕ್ಷರ' ಅನ್ನುವ ಗುರುತಿದೆ, ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ. ಅದಕ್ಕೆ 'ಬೆಂಗಳೂರು' ಕೊಡಿ. ಸಿಗುವುದು ಮೂರು ಚೂರು: ಬ, ಗಳ, ರ. ಏತ್ವ, ಸೊನ್ನೆ, ಊಕಾರ, ಉಕಾರ ಯಾವುದೂ ಅದರ ಲೆಕ್ಕದಲ್ಲಿ ಅಕ್ಷರವಲ್ಲ. ಇಡೀ ಊರಿನ ಹೆಸರು ಒಡೆದುಹೋಯಿತು. 'ಕನ್ನಡ' ಕೊಟ್ಟರೆ ಕನ ಒಂದು ಕಡೆ, ನಡ ಇನ್ನೊಂದು ಕಡೆ. ಜಾವಾಸ್ಕ್ರಿಪ್ಟ್‌ನಲ್ಲಂತೂ ಅದೇ ಗುರುತಿಗೆ ಕನ್ನಡದ ಒಂದಕ್ಷರವೂ ಸಿಕ್ಕುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಜಾಗ ಇದೆ. ಯೂನಿಕೋಡ್ ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿ. ಆ ವ್ಯಾಪ್ತಿಯನ್ನು ನೇರವಾಗಿ ಬರೆದರೆ ಪದ ಇಡಿಯಾಗಿ ಉಳಿಯುತ್ತದೆ.

ಅಂಕಿಯ ಗುರುತಿನಲ್ಲೂ ಇಂಥದ್ದೇ ತೊಡಕು. ಯಾರೋ ಹಿರಿಯರು ಫಾರ್ಮಿನಲ್ಲಿ ಪಿನ್‌ಕೋಡನ್ನು ಕನ್ನಡ ಅಂಕಿಗಳಲ್ಲೇ, ೫೬೦೦೦೪ ಅಂತ ತುಂಬಿದರು ಅಂದುಕೊಳ್ಳಿ. ಆರೂ ಜಾಗಕ್ಕೆ 'ಯಾವುದಾದರೂ ಅಂಕಿ' ಅನ್ನುವ ಗುರುತನ್ನೇ ಹಾಕಿದ್ದರೆ ಪೈಥಾನ್ ಅದನ್ನು ಅಂಕಿ ಅಂತ ಒಪ್ಪುತ್ತದೆ, ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ. ಬ್ರೌಸರಿನಲ್ಲಿ ಒಂದು, ಸರ್ವರಿನಲ್ಲಿ ಇನ್ನೊಂದು ಇದ್ದರೆ 'ಪಿನ್‌ಕೋಡ್ ತಪ್ಪು' ಅಂತ ಕೆಂಪಕ್ಷರ ಬರುತ್ತದೆ, ಆ ಹಿರಿಯರು ಬರೆದದ್ದು ಸರಿಯಾಗಿಯೇ ಇದ್ದರೂ. ಹಾಗಾಗಿ ನಿಮ್ಮ ಟೆಸ್ಟ್ ಪಟ್ಟಿಯಲ್ಲಿ ಮೋಸಬ್ಯಾಂಕಿನ ವಿಳಾಸ, ಆ್ಯಟ್ ಗುರುತಿನ ವಿಳಾಸದ ಜೊತೆಗೆ ೫೬೦೦೦೪ ಮತ್ತು 'ಬೆಂಗಳೂರು' ಎರಡನ್ನೂ ಸೇರಿಸಿ. ಮೊದಲಿನ ಎರಡು ಬಾಗಿಲಲ್ಲೇ ನಿಲ್ಲಬೇಕು, ಕೊನೆಯ ಎರಡು ಒಳಗೆ ಬರಬೇಕು.