ಶನಿವಾರ ಬಟವಾಡೆ ಮಾಡದವರು ನನಗೆ ಬಿಸಿನೆಸ್ ಹೇಳಿಕೊಡುವುದು ಬೇಡ

ನಮಸ್ಕಾರ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಇನ್ನೂ ಎಷ್ಟು ದಿನ ಅಂತ ಏಣಿ ಹತ್ತುತ್ತೀರಿ? ವೈರಿಂಗ್ ಬಿಟ್ಟು ಬಿಸಿನೆಸ್ ಕೋಚ್ ಆಗಿಬಿಡಿ. ಕಷ್ಟ ಕಮ್ಮಿ, ದುಡ್ಡು ಜಾಸ್ತಿ." ಅದಕ್ಕೆ ಲೈಕುಗಳ ಸುರಿಮಳೆ. ಓದಿದಾಗಿನಿಂದ ತಲೆ ಬಿಸಿಯಾಗಿದೆ. ಮನೆಯ ಎಂಸಿಬಿ ಸ್ವಿಚ್ಚು ಯಾಕೆ ತಾನಾಗೇ ಬಿದ್ದು ಟ್ರಿಪ್ ಆಗುತ್ತದೆ ಅನ್ನುವ ವಿಡಿಯೋ ಮುಂದಿನ ವಾರ ಹಾಕುತ್ತೇನೆ. ಇವತ್ತು ಇದೊಂದೇ ಮಾತು.

ಕೋಚ್ ಆಗಲೇಬಾರದು ಅನ್ನುತ್ತಿಲ್ಲ. ಶನಿವಾರ ಕೆಲಸದ ಹುಡುಗರಿಗೆ ವಾರದ ಕೂಲಿ ಬಟವಾಡೆ ಮಾಡುತ್ತಿರುವವರು ಆಗಲಿ. ಗುತ್ತಿಗೆ ಕೆಲಸಕ್ಕೆ ಬೀಗ ಹಾಕಿ, ಡ್ರಿಲ್ ಮಷೀನು ಮಾರಿ, ಹೋಟೆಲ್ ಹಾಲ್‌ನಲ್ಲಿ ಮೈಕ್ ಹಿಡಿದು "ನೀವು ಕೆಲಸ ಮಾಡಬೇಡಿ, ಸಿಸ್ಟಮ್ ಕಟ್ಟಿ" ಅನ್ನುವವರು ಬೇಡ.

ಶನಿವಾರ ಅಂದರೆ ಏನು ಗೊತ್ತಾ? ಸಂಜೆ ಐದೂವರೆ. ಹುಡುಗರು ಡ್ರಮ್ಮಿನ ನೀರಲ್ಲಿ ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಪೈಪಿನ ಕಟ್ಟಿನ ಮೇಲೆ ಕೂತಿದ್ದಾರೆ. ಒಬ್ಬನಿಗೆ ರಾಯಚೂರಿನ ರಾತ್ರಿ ಬಸ್ಸು ಹಿಡಿಯಬೇಕು. ನೀವು ಬಿಲ್ಡರ್ ಆಫೀಸಿನಲ್ಲಿ ನಿಂತಿದ್ದೀರಿ. ಅಕೌಂಟೆಂಟ್ ತಲೆ ಎತ್ತದೆ, "ಸಾಹೇಬ್ರು ಚೆಕ್‌ಗೆ ಸೈನ್ ಹಾಕಿಲ್ಲ, ಸೋಮವಾರ ಬನ್ನಿ" ಅನ್ನುತ್ತಾರೆ. ಈಗ ಹುಡುಗರಿಗೆ ಏನು ಹೇಳುತ್ತೀರಿ? ಯಾರ ಹತ್ತಿರ ಕೈಸಾಲ ಕೇಳುತ್ತೀರಿ? ಆ ಅರ್ಧ ಗಂಟೆಯಲ್ಲಿ ಕಲಿಯುವ ಬಿಸಿನೆಸ್ ಯಾವ ಹಾಲ್‌ನಲ್ಲೂ ಸಿಗುವುದಿಲ್ಲ. ಆ ಅರ್ಧ ಗಂಟೆ ಮರೆತವರು ಕಲಿಸಬಾರದು.

"ಕೋಚ್ ಕಾನೂನು ಹೇಳಿಕೊಡುತ್ತಾರಲ್ಲ" ಅನ್ನುತ್ತೀರಿ. ಸರಿ. 1961ರ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಅನ್ನುವ ಕಲಮು ಸೇರಿಸಿದರು, 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು) ಇರುವ ಸಣ್ಣ ಘಟಕದ ಬಿಲ್ಲನ್ನು ಕರಾರು ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನದೊಳಗೆ ಕೊಡಬೇಕು. ಇಲ್ಲದಿದ್ದರೆ ದುಡ್ಡು ಕೊಡುವ ವರ್ಷದವರೆಗೂ ಅದನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ. ಒಳ್ಳೆಯ ಕಾನೂನೇ. ಆದರೆ ದೊಡ್ಡ ಗಿರಾಕಿ ಮುಂದೆ ಇದನ್ನು ಯಾವಾಗ ಎತ್ತಬೇಕು, ಯಾವಾಗ ಬಾಯಿ ಮುಚ್ಚಿಕೊಂಡು ಮುಂದಿನ ಆರ್ಡರ್ ಉಳಿಸಿಕೊಳ್ಳಬೇಕು? ಅದು ಈ ತಿಂಗಳು ಬಾಕಿ ವಸೂಲಿಗೆ ಅಲೆದವರಿಗೆ ಮಾತ್ರ ಗೊತ್ತು.

ರೇಟಿನ ವಿಷಯ ನೋಡಿ. ನಾವು ಕೊಟೇಶನ್ ಕೊಡುವುದು ಪಾಯಿಂಟ್ ಲೆಕ್ಕದಲ್ಲಿ, ಅಂದರೆ ಒಂದೊಂದು ಲೈಟು, ಫ್ಯಾನು, ಪ್ಲಗ್ಗಿಗೆ ಇಷ್ಟು ಅಂತ, ಮೆಟೀರಿಯಲ್ ಸೇರಿಸಿ. ಸ್ಲ್ಯಾಬಿನಲ್ಲಿ ಪೈಪ್ ಹಾಕಿ, ಗಾರೆ ಮುಗಿದು, ವೈರ್ ಎಳೆಯುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಅಷ್ಟರಲ್ಲಿ ತಾಮ್ರದ ಬೆಲೆ ಏರಿದರೆ 90 ಮೀಟರ್ ವೈರ್ ಕಾಯಿಲ್‌ಗೆ ಅಂಗಡಿಯವರು ಹೊಸ ರೇಟ್ ಲಿಸ್ಟ್ ತೋರಿಸುತ್ತಾರೆ. ಮನೆ ಮಾಲೀಕರಿಗೆ ಹಳೆ ರೇಟೇ ನೆನಪು. ಅದಕ್ಕೇ ನಾನು ಕೊಟೇಶನ್ ಕೆಳಗೆ "ವೈರಿನ ರೇಟು ಎಳೆಯುವ ದಿನದ ಲಿಸ್ಟ್ ಪ್ರಕಾರ" ಅಂತ ಬರೆಯುತ್ತೇನೆ. ಈ ಒಂದು ಸಾಲು ನಿಮಗೆ ಪುಕ್ಕಟೆ. ಉಪಯೋಗಕ್ಕೆ ಬಂದರೆ ಸಬ್‌ಸ್ಕ್ರೈಬ್ ಮಾಡಿ, ನಿಮ್ಮ ಪ್ಲಂಬರ್ ಗೆಳೆಯರಿಗೂ ಕಳಿಸಿ.

ಇನ್ನೊಬ್ಬರ ವಾದ: "ದ್ರಾವಿಡ್ ಕೋಚ್ ಆದಾಗ ಆಡುತ್ತಿದ್ದರಾ?" ಅಲ್ಲ ಸ್ವಾಮಿ, ದ್ರಾವಿಡ್ ಟೆಸ್ಟ್‌ನಲ್ಲಿ ಹೊಡೆದದ್ದು 13,288 ರನ್. ಇಡೀ ಊರು ನೋಡಿದೆ, ದಾಖಲೆಯಲ್ಲಿದೆ. ನಿಮ್ಮ ಕೋಚ್ ಹೊಡೆದ ರನ್ ಎಲ್ಲಿದೆ? ಗುತ್ತಿಗೆ ಕೆಲಸ ಯಾಕೆ ನಿಲ್ಲಿಸಿದರು, ಲಾಭದಲ್ಲಿತ್ತಾ, ಹುಡುಗರ ಬಾಕಿ ತೀರಿಸಿದರಾ, ಒಬ್ಬರಾದರೂ ಕೇಳಿದ್ದೀರಾ? ದ್ರಾವಿಡ್ ಹೆಸರು ಇಲ್ಲಿ ತರಬೇಡಿ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತಲ್ಲ, ಬೇಕರಿ, ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕೋಡ್ ಕಿತ್ತುಹಾಕಿದರಲ್ಲ, ಆಗ ನಮ್ಮ ಬೀದಿಯವರು ಓಡಿದ್ದು ಯಾರ ಹತ್ತಿರ? ಯಾವ ಕೋಚ್ ಹತ್ತಿರವೂ ಅಲ್ಲ. ಪಕ್ಕದ ಹಾರ್ಡ್‌ವೇರ್ ಅಂಗಡಿಯವರ ಹತ್ತಿರ. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಅನ್ನುವ ಮಿತಿ ಅವರ ಬಾಯಲ್ಲೇ ಇತ್ತು, ಯಾಕೆಂದರೆ ಅವರು ದಿನಾ ಬಿಲ್ ಹರಿಯುತ್ತಾರೆ.

ವೈರಿಂಗ್ ಗುತ್ತಿಗೆ ಹಿಡಿಯಲು ನನಗೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕು. ಕೋಚ್ ಆಗಲು ಒಂದು ಚೀಟಿಯೂ ಬೇಡ. ಹಾಗಿರುವಾಗ ಬಟವಾಡೆಯನ್ನಾದರೂ ಕೇಳಬೇಡವಾ?

"ವಯಸ್ಸಾಯಿತು, ಮಂಡಿ ನೋವು, ಏಣಿ ಹತ್ತಲಾಗದು" ಅನ್ನುತ್ತೀರಾ? ಹತ್ತಬೇಡಿ. ಹುಡುಗರು ಹತ್ತಲಿ, ನೀವು ಬಟವಾಡೆ ಮಾಡಿ. ಮಾಡುತ್ತಾ ಕಲಿಸಿ. ನಾನೂ ಭಾನುವಾರ ಸಂಜೆ ಲೈವ್‌ನಲ್ಲಿ ಅದನ್ನೇ ಮಾಡುತ್ತಿದ್ದೇನೆ, ಫೀಸಿಲ್ಲದೆ. ನಿಮ್ಮ ಕೊಟೇಶನ್ ತನ್ನಿ, ಕೂತು ನೋಡೋಣ.

ಕಾಮೆಂಟ್ ಹಾಕಿದವರಿಗೆ ಉತ್ತರ: ಆಗಲ್ಲ. ನಾನು ಕೆಲಸ ಬಿಡಲ್ಲ. ಇನ್ನು ನನ್ನನ್ನು ಬೈಯುತ್ತಾ ವಿಡಿಯೋ ಮಾಡಲಿರುವ ಕೋಚ್‌ಗಳೇ, ಬೈಯಿರಿ, ಪರವಾಗಿಲ್ಲ. ಮೊದಲು ಹೋದ ತಿಂಗಳ ಜಿಎಸ್‌ಟಿಆರ್-3ಬಿ, ಅಂದರೆ ಜಿಎಸ್‌ಟಿ ರಿಟರ್ನ್, ತೋರಿಸಿ. ಗುತ್ತಿಗೆ ಕೆಲಸದ್ದು, ಕೋರ್ಸ್ ಮಾರಿದ್ದಲ್ಲ. ತೋರಿಸಿದವರ ವಿಡಿಯೋ ನನ್ನ ಚಾನೆಲ್‌ನಲ್ಲೇ ಹಾಕುತ್ತೇನೆ, ಒಂದು ಪದವೂ ಕತ್ತರಿಸದೆ.