ಧೋಲಾವೀರದ ಮೆಟ್ಟಿಲುಗಳು

ಕೇಳುಗರಿಗೆ ನಮಸ್ಕಾರ. ಇವತ್ತು ನಿಮ್ಮನ್ನು ಗುಜರಾತಿನ ಕಚ್ಛ್‌ಗೆ, ಅಲ್ಲಿನ ಧೋಲಾವೀರಕ್ಕೆ ಕರೆದುಕೊಂಡು ಹೋಗುತ್ತೇನೆ.

ಖಾದಿರ್ ಅನ್ನುವ ದ್ವೀಪ. ಸುತ್ತಲೂ ರಣ, ಅಂದರೆ ಉಪ್ಪು ಹರಡಿದ ಬಯಲು. ಬೇಸಿಗೆಯಲ್ಲಿ ಆ ಬಿಳಿ ಉಪ್ಪಿನ ಮೇಲೆ ಬಿಸಿಲು ಬಿದ್ದರೆ ಕಣ್ಣು ಬಿಡುವುದೂ ಕಷ್ಟ. ಮಳೆಗಾಲದಲ್ಲಿ ಅದೇ ರಣದಲ್ಲಿ ನೀರು ನಿಲ್ಲುತ್ತದೆ, ಆದರೆ ಬಾಯಿಗೆ ಇಡೋಕಾಗದ ಉಪ್ಪುನೀರು. ಇಂಥ ಜಾಗದಲ್ಲಿ ಸುಮಾರು 5000 ವರ್ಷಗಳ ಹಿಂದೆ ಹರಪ್ಪ ನಾಗರಿಕತೆಯ ಜನ ಊರು ಕಟ್ಟಿ, ಸಾವಿರಕ್ಕೂ ಜಾಸ್ತಿ ವರ್ಷ ಬಾಳಿದರು.

ಹೇಗೆ ಅಂತೀರಾ? ಹತ್ತಿರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಇರುವುದು ಎರಡು ಹಳ್ಳ, ಮನಸರ್ ಮತ್ತು ಮನ್‌ಹರ್. ಅವರ ಕಷ್ಟ ಬರೀ ನೀರಿನ ಕೊರತೆ ಅಲ್ಲ ಅಂತ ನನಗೆ ಅನಿಸುತ್ತದೆ. ವರ್ಷಕ್ಕೆ ಬೇಕಾದ ನೀರೆಲ್ಲ ಕೆಲವೇ ದಿನ ರಭಸದಿಂದ ಬಂದು, ನೋಡನೋಡುತ್ತಲೇ ರಣಕ್ಕೆ ಸೇರಿ ಉಪ್ಪಾಗಿಬಿಡುತ್ತದಲ್ವಾ, ನಿಜವಾದ ತಲೆನೋವು ಅದು. ಹಾಗಾಗಿ ಹಳ್ಳಗಳಿಗೆ ಕಟ್ಟೆ ಹಾಕಿದರು, ನೆಲದ ಇಳಿಜಾರನ್ನೇ ಬಳಸಿಕೊಂಡು ಒಂದರಿಂದ ಇನ್ನೊಂದಕ್ಕೆ ನೀರು ಹೋಗುವಂತೆ ಊರಿನ ಗೋಡೆಯೊಳಗೆ ಸಾಲು ಕೆರೆಗಳನ್ನು ತೋಡಿದರು. ಇಲ್ಲಿಯವರೆಗೆ 16 ಸಿಕ್ಕಿವೆ. ಕೋಟೆಯೊಳಗೆ ಮಳೆನೀರಿಗೆಂದೇ ಕಲ್ಲುಚಪ್ಪಡಿ ಮುಚ್ಚಿದ ಕಾಲುವೆಗಳಿವೆ, ಕೆಲವು ಕಡೆ ಬಗ್ಗಿಕೊಂಡು ಒಳಗೆ ನಡೆಯಬಹುದು.

ಪೂರ್ವದ ಕಡೆಯ ಕೆರೆಯ ಅಳತೆ ಕೇಳಿ: ಉದ್ದ ಸುಮಾರು 73 ಮೀಟರ್, ಅಗಲ 29, ಆಳ 10. ಅದರ ಮೂಲೆಯಿಂದ ಮೆಟ್ಟಿಲುಗಳು ತಳದತ್ತ ಇಳಿಯುತ್ತವೆ. ಕೆರೆ ತುಂಬಿದಾಗ ಎರಡು ಮೆಟ್ಟಿಲು ಇಳಿದರೆ ಸಾಕು, ಕೊಡ ಮುಳುಗುತ್ತಿತ್ತೇನೋ. ಬಿಸಿಲೇರಿದ ಹಾಗೆ ನೀರು ಒಂದೊಂದೇ ಮೆಟ್ಟಿಲು ಕೆಳಗೆ. ಮಳೆಗೆ ಇನ್ನೆಷ್ಟು ದಿನ ಕಾಯಬೇಕು, ಇರುವ ನೀರು ಅಷ್ಟು ದಿನ ಬರುತ್ತಾ ಅನ್ನುವ ಲೆಕ್ಕವನ್ನು ಆ ಮೆಟ್ಟಿಲುಗಳ ಮೇಲೆಯೇ ಹಾಕಿರಬೇಕು, ತುಂಬಿದ ಕೊಡ ಹೊತ್ತು ಏದುಸಿರು ಬಿಡುತ್ತಾ ಹತ್ತಿದವರು.

ಸುಮಾರು 4200 ವರ್ಷಗಳ ಹಿಂದೆ ಮಳೆ ಕೈಕೊಡತೊಡಗಿತು. ದೀರ್ಘ ಬರಗಾಲ. ಊರು ಸೊರಗಲು ಅದೂ ಒಂದು ಕಾರಣ ಅಂತ ಸಂಶೋಧಕರು ಹೇಳುತ್ತಾರೆ. ಜನ ಊರು ಬಿಟ್ಟರು. ಆಮೇಲೆ ಬಂದು ನೆಲೆಸಿದವರು ಸ್ವಲ್ಪವೇ ಜನ. ಅವರು ಕಟ್ಟಿಕೊಂಡಿದ್ದು ಗುಂಡನೆಯ ಗುಡಿಸಲು. ನೇರ ಬೀದಿ, ಸಾಲು ಮನೆಗಳ ಆ ಹಳೇ ಊರನ್ನು ಮತ್ತೆ ಎಬ್ಬಿಸುವ ಶಕ್ತಿ ಅವರಿಗೆ ಇರಲಿಲ್ಲ.

2021ರಲ್ಲಿ ಧೋಲಾವೀರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೋಗುವುದಾದರೆ ಚಳಿಗಾಲದಲ್ಲಿ ಹೋಗಿ. ಆ ಕೆರೆಯ ದಂಡೆಯ ಮೇಲೆ ಸ್ವಲ್ಪ ಹೊತ್ತು ಸುಮ್ನೆ ನಿಂತು, ಕೆಳಗಿನ ಮೆಟ್ಟಿಲುಗಳನ್ನು ನೋಡಿ. ನಮಸ್ಕಾರ.